ಕಡಲೆ ನಡುಗಿದಾಗ

"ಮಾತಾಜಿ, ದುರ್ಬಲರನ್ನು ಏಟಿನಿಂದ ಕಾಪಾಡುವುದು ಧರ್ಮವಲ್ಲವೇ?" ಎಂದು ಶಿಷ್ಯೆ ಕೇಳಿದಳು.

ಆಶ್ರಮದ ವಿದ್ಯಾರ್ಥಿನಿಲಯ ಆ ಶಿಷ್ಯೆಯ ಉಸ್ತುವಾರಿಯಲ್ಲಿತ್ತು. ಪಟ್ಟಣದ ಭಾಷಣ ಸ್ಪರ್ಧೆಗೆ ಹೊರಟವರಲ್ಲಿ ಕಾತ್ಯಾಯಿನಿ ಎಂಬ ಹುಡುಗಿಯೂ ಇದ್ದಳು. ಆ ದಿನ ಬೆಳಿಗ್ಗೆ ಶಿಷ್ಯೆ ಅವಳ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿದ್ದಳು. ಹಿಂದಿನ ವರ್ಷವೂ ತೆಗೆದುಹಾಕಿದ್ದಳು. ಊಟವಾದ ಮೇಲೆ ವ್ಯಾನು ಹೊರಡುವುದಿತ್ತು.

"ಯಾರ ವಿಷಯ ಕೇಳುತ್ತಿದ್ದೀಯೆ? ಪ್ರಶ್ನೆಯನ್ನು ಪೂರ್ತಿ ಕೇಳಬೇಕು" ಎಂದರು ಮಾತಾಜಿ.

"ಕಾತ್ಯಾಯಿನಿಯ ವಿಷಯ, ಮಾತಾಜಿ. ಅವಳಿಗೆ ಮಾತು ತೊದಲುತ್ತದೆ. ನಿನ್ನೆ ಅಭ್ಯಾಸಕ್ಕೆಂದು ನಿಲ್ಲಿಸಿದೆ. ಬಾಯಿ ತೆರೆಯುವ ಮೊದಲೇ ಅವಳ ಕೈ ನಡುಗಿತು. ಕೂತುಕೋ ಎಂದೆ. ಅಷ್ಟು ಜನರ ಮುಂದೆ ನಿಲ್ಲಿಸಿ ಅವಳನ್ನು ನಗೆಪಾಟಲು ಮಾಡಲೇ?"



"ಒಂದು ಕತೆ ಹೇಳುತ್ತೇನೆ. ಇದು ಆಟವೊಂದರ ಕತೆ. ಆ ಆಟದ ಯಂತ್ರಗಳನ್ನು ನೀನು ಹುಡುಗಿಯರ ಹಾಸಿಗೆಯ ಅಡಿಯಿಂದ ಎಷ್ಟೋ ಸಲ ಎತ್ತಿ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದೀಯೆ. ಆದ್ದರಿಂದ ನನಗೆ ಅದರ ವಿಷಯ ಹೇಗೆ ಗೊತ್ತಾಯಿತೆಂದು ನೀನು ಆಶ್ಚರ್ಯಪಡಬೇಕಾಗಿಲ್ಲ. ನೆಟ್ಟಗೆ ಕುಳಿತು ಕೇಳು" ಎಂದರು ಮಾತಾಜಿ.

ಒಂದು ಊರಿನಲ್ಲಿ ಒಬ್ಬ ಔಷಧಿ ಅಂಗಡಿಯವನಿದ್ದ. ಬಹಳ ಜಾಗರೂಕ ಮನುಷ್ಯ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಕೈಯಲ್ಲಿ ಹಿಡಿಯುವ ಯಂತ್ರವೊಂದರಲ್ಲಿ ಆಟವಾಡುತ್ತಿದ್ದ. ಆ ಆಟದೊಳಗೆ ಒಂದು ಲೋಕವಿದೆ. ಅಲ್ಲಿಯ ಹುಲ್ಲಿನಲ್ಲಿ, ನೀರಿನಲ್ಲಿ, ಗುಹೆಗಳಲ್ಲಿ ನಾವು ಕಂಡರಿಯದ ಪ್ರಾಣಿಗಳಿವೆ. ಆಟಗಾರ ಅವುಗಳನ್ನು ಹಿಡಿದು ಸಾಕಬೇಕು, ಬೇರೆಯವರ ಪ್ರಾಣಿಗಳೊಂದಿಗೆ ಕಾದಾಡಿಸಬೇಕು. ಕಾದಾಡಿದ ಪ್ರಾಣಿಗೆ ಅನುಭವ ಸಿಗುತ್ತದೆ. ಅನುಭವ ತುಂಬಿದ ಹಾಗೆ ಅದು ಮೇಲಿನ ಮಟ್ಟಕ್ಕೆ ಏರುತ್ತದೆ. ಕೊನೆಯಲ್ಲಿ ಒಂದು ಕೋಟೆಯಿದೆ. ಕೋಟೆಯ ಒಡೆಯನನ್ನು ಸೋಲಿಸಿದರೆ ಆಟ ಗೆದ್ದಂತೆ.

ಕಾಳಗದಲ್ಲಿ ಬಿದ್ದ ಪ್ರಾಣಿಯನ್ನು ಆಟವೇ ಆರೈಕೆ ಮಾಡಿ ಎಬ್ಬಿಸಿ ಕೊಡುತ್ತದೆ. ಆದರೆ ಆ ಬೀದಿಯ ಅಂಗಡಿಯವರಿಗೆ ಅದು ತೀರಾ ಸುಲಭವೆನಿಸಿತು. ಅವರು ತಮ್ಮ ಮೇಲೆ ತಾವೇ ಒಂದು ನೇಮವನ್ನು ಹೇರಿಕೊಂಡಿದ್ದರು. ಹೊಸ ಜಾಗಕ್ಕೆ ಹೋದಾಗ ಮೊದಲು ಎದುರಾದ ಪ್ರಾಣಿಯನ್ನೇ ಹಿಡಿಯಬೇಕು, ಆರಿಸುವಂತಿಲ್ಲ. ಹಿಡಿದದ್ದಕ್ಕೆ ಹೆಸರಿಡಬೇಕು. ಅದು ಬಿದ್ದರೆ ಸತ್ತಂತೆಯೇ ಲೆಕ್ಕ. ತನ್ನ ಕೈಯಾರೆ ಅದನ್ನು ಕಾಡಿಗೆ ಬಿಟ್ಟುಬಿಡಬೇಕು. ಹಾಗೆ ಬಿಟ್ಟದ್ದು ಮತ್ತೆ ಸಿಗುವುದಿಲ್ಲ.

ಔಷಧಿ ಅಂಗಡಿಯವನ ಬಳಿ ಗಟ್ಟಿಮುಟ್ಟಾದ ಪ್ರಾಣಿಗಳು ಕೆಲವಿದ್ದವು. ಆಮೆಯಂಥದ್ದೊಂದಕ್ಕೆ ಬಂಡೆ ಎಂದು ಹೆಸರು. ಬೆಂಕಿಯುಗುಳುವ ನರಿಯೊಂದಕ್ಕೆ ಕೆಂಡ ಎಂದು ಹೆಸರು. ಒಂದು ದಿನ ಅವನು ಆಟದಲ್ಲಿ ಚರಂಡಿಯೊಂದನ್ನು ದಾಟುತ್ತಿದ್ದಾಗ ಮೊದಲು ಎದುರಾದದ್ದು ಮುಷ್ಟಿಯಷ್ಟೇ ಇದ್ದ ಒಂದು ಜೀವಿ. ಮೈಗಿಂತ ಕಿವಿಗಳೇ ದೊಡ್ಡವು. ಅವನು ಅದನ್ನು ಹಿಡಿದು ಕಡಲೆ ಎಂದು ಹೆಸರಿಟ್ಟ.

ಎದುರಿನ ಗಡಿಯಾರದ ಅಂಗಡಿಯವನೂ ಇದೇ ಆಟವನ್ನು ಆಡುತ್ತಿದ್ದ. ಅವನು ಬಂದು ನೋಡಿ ನಕ್ಕ.

"ಏನಯ್ಯಾ, ಇದನ್ನು ಕಾಳಗಕ್ಕೆ ಕಳಿಸುತ್ತೀಯೋ, ಒಗ್ಗರಣೆಗೆ ಹಾಕುತ್ತೀಯೋ?"

"ನಗಬೇಡ. ಇದರ ಮೈಗೆ ಒಂದು ಏಟೂ ಬೀಳದ ಹಾಗೆ ನೋಡಿಕೊಳ್ಳುತ್ತೇನೆ" ಎಂದ ಔಷಧಿ ಅಂಗಡಿಯವನು.

ಹಾಗೆಯೇ ನೋಡಿಕೊಂಡ. ಆ ಆಟದಲ್ಲಿ ಅದಕ್ಕೊಂದು ಉಪಾಯವಿದೆ. ಕಾಳಗ ಶುರುವಾಗುವಾಗ ಅವನು ಕಡಲೆಯನ್ನು ಮುಂದೆ ನಿಲ್ಲಿಸುತ್ತಿದ್ದ. ಎದುರಾಳಿ ಕೈಯೆತ್ತುವುದರೊಳಗೆ ಅದನ್ನು ಹಿಂದಕ್ಕೆ ಕರೆದುಕೊಂಡು ಬಂಡೆಯನ್ನು ಕಳಿಸುತ್ತಿದ್ದ. ಅಂಗಳಕ್ಕೆ ಒಂದು ಗಳಿಗೆ ಇಳಿದಿತ್ತೆಂಬ ಕಾರಣಕ್ಕೆ ಕಡಲೆಗೂ ಅನುಭವದಲ್ಲಿ ಪಾಲು ಸಿಗುತ್ತಿತ್ತು. ಆದರೆ ಹೀಗೆ ನಡುವೆ ಒಳಗೆ ಬರುವ ಪ್ರಾಣಿಗೆ ತನ್ನನ್ನು ಕಾಪಾಡಿಕೊಳ್ಳಲು ಸಮಯವಿರುವುದಿಲ್ಲ. ಮೊದಲ ಏಟನ್ನು ಅದು ಸುಮ್ಮನೆ ತಿನ್ನಬೇಕು. ಕಡಲೆಗೆಂದು ಬಂದ ಏಟುಗಳನ್ನೆಲ್ಲ ಬಂಡೆ ತಿಂದಿತು.

ಮಟ್ಟ ಏರಿದಾಗಲೆಲ್ಲ ಆಟ ಕಡಲೆಗೆ ಹೊಸ ಪಟ್ಟುಗಳನ್ನು ಕಲಿಸಲೇ ಎಂದು ಕೇಳುತ್ತಿತ್ತು. ಕಚ್ಚುವುದನ್ನು ಕಲಿಸಲೇ ಎಂದಿತು. ಬೇಡವೆಂದ. ಕಚ್ಚಬೇಕಾದರೆ ಹತ್ತಿರ ಹೋಗಬೇಕು, ಹತ್ತಿರ ಹೋದರೆ ಏಟು ಬೀಳುತ್ತದೆ. ಹಾಯುವುದನ್ನು ಕಲಿಸಲೇ ಎಂದಿತು. ಅದನ್ನೂ ಬೇಡವೆಂದ. ಮುದುಡಿಕೊಳ್ಳುವುದನ್ನು, ಕಿವಿ ಮುಚ್ಚಿಕೊಳ್ಳುವುದನ್ನು, ಮಣ್ಣಿನಲ್ಲಿ ಅಡಗುವುದನ್ನು ಕಲಿಸಿದ. ಅಳುವುದು ಅದಕ್ಕೆ ಹುಟ್ಟಿನಿಂದಲೇ ಬರುತ್ತಿತ್ತು. ಆ ಆಟದಲ್ಲಿ ಒಂದು ಪ್ರಾಣಿ ಒಟ್ಟು ನಾಲ್ಕು ಪಟ್ಟುಗಳನ್ನು ಮಾತ್ರ ನೆನಪಿಡಬಲ್ಲದು. ಕಡಲೆಯ ನೆನಪು ತುಂಬಿತು.

ಇನ್ನೊಂದು ಸಂಗತಿಯಿದೆ. ಸಾಕಷ್ಟು ಬಲಿತ ಪ್ರಾಣಿ ಒಂದು ದಿನ ತನ್ನ ರೂಪವನ್ನೇ ಬದಲಿಸುತ್ತದೆ. ಪರದೆ ಬೆಳ್ಳಗಾಗುತ್ತದೆ. ಪ್ರಾಣಿಯ ಮೈ ನಡುಗಲು ತೊಡಗುತ್ತದೆ. ನಡುಕ ನಿಂತಾಗ ಅದು ಹೊಸ ಜೀವಿಯಾಗಿರುತ್ತದೆ. ದೊಡ್ಡದು, ಬಲವಾದದ್ದು. ಬಂಡೆಯೂ ಒಮ್ಮೆ ಹೀಗೆ ನಡುಗಿತ್ತು, ಕೆಂಡವೂ ನಡುಗಿತ್ತು. ಆಗ ಅಂಗಡಿಯವನು ಯಂತ್ರವನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಚಹಾ ಕುಡಿಯಲು ಹೋಗಿದ್ದ. ಆಟಗಾರನಿಗೆ ಈ ಬದಲಾವಣೆ ಬೇಡವಾದರೆ ಯಂತ್ರದಲ್ಲಿ ಒಂದು ಗುಂಡಿಯಿದೆ. ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಎಲ್ಲವೂ ನಿಂತುಹೋಗುತ್ತದೆ. ಪ್ರಾಣಿ ಮೊದಲು ಇದ್ದ ಹಾಗೆಯೇ ಉಳಿಯುತ್ತದೆ.

ಒಂದು ದಿನ ಕಡಲೆಯ ಪರದೆ ಬೆಳ್ಳಗಾಯಿತು. ಅದರ ಮೈ ನಡುಗಿತು.  ಅಂಗಡಿಯವನು ಹೆಬ್ಬೆರಳಿನಿಂದ ಗುಂಡಿಯನ್ನು ಒತ್ತಿ ಹಿಡಿದ.

ಗಡಿಯಾರದವನು ಪಕ್ಕದಲ್ಲೇ ಇದ್ದ. "ಬಿಡು ಮಾರಾಯ, ಬೆರಳು ತೆಗೆ! ಈಗ ಬೆಳೆಯುತ್ತಿದೆ ಅದು" ಎಂದ.

"ನಡುಗುತ್ತಿರುವುದು ಕಾಣುವುದಿಲ್ಲವೇ? ಹೆದರಿದೆ ಅದು."

"ಬಂಡೆ ನಡುಗಿದಾಗ ನೀನು ಚಹಾ ಕುಡಿಯುತ್ತಿದ್ದೆ."

"ಬಂಡೆಯ ಮಾತು ಬೇರೆ. ಇದು ಚಿಕ್ಕದು."

ನಡುಕ ನಿಂತಿತು. ಕಡಲೆ ಮುಷ್ಟಿಯಷ್ಟೇ ಉಳಿಯಿತು. ಮುಂದಿನ ಮಟ್ಟದಲ್ಲಿ ಅದು ಮತ್ತೆ ನಡುಗಿತು. ಅವನು ಮತ್ತೆ ಒತ್ತಿದ. ಅದು ಚಿಕ್ಕದಾಗಿಯೇ ಉಳಿದುದರಿಂದ ಎದುರಾಳಿಗಳು ಇನ್ನೂ ದೊಡ್ಡವಾಗಿ ಕಂಡವು. ಅವು ದೊಡ್ಡವಾಗಿ ಕಂಡದ್ದರಿಂದ ಅವನ ಭಯ ಹೆಚ್ಚಿತು. ಭಯ ಹೆಚ್ಚಿದ್ದರಿಂದ ಬೆರಳು ಇನ್ನೂ ಬಿಗಿಯಾಯಿತು.

ನಂತರ ಒಂದು ಕಾಳಗದಲ್ಲಿ ಬಂಡೆ ಬಿದ್ದಿತು. ಅಂಗಡಿಯವನು ಕಡಲೆಯನ್ನು ಹಿಂದಕ್ಕೆ ಕರೆದು ಬಂಡೆಯನ್ನು ಕಳಿಸಿದ್ದ. ಬಂದ ಕೂಡಲೇ ಏಟು ಬಿತ್ತು, ಅದು ಏಳಲಿಲ್ಲ. ನೇಮದ ಪ್ರಕಾರ ಅವನು ಅದನ್ನು ಬಿಟ್ಟುಬಿಡಬೇಕಾಯಿತು. ಬಿಟ್ಟುಬಿಡಲೇ ಎಂದು ಯಂತ್ರ ಕೇಳಿತು. ಹೌದೆಂದ. ಬಂಡೆ ಪರದೆಯಲ್ಲಿ ಒಮ್ಮೆ ಅವನ ಕಡೆ ನೋಡಿತು. ಬೆನ್ನು ತಿರುಗಿಸಿತು. ಹುಲ್ಲಿನೊಳಗೆ ನಡೆದು ಮರೆಯಾಯಿತು. ಆಟ ಅಷ್ಟನ್ನೇ ತೋರಿಸುತ್ತದೆ. ಅವನಿಗೆ ಅಷ್ಟೇ ಸಾಕಾಯಿತು. ಆ ದಿನದಿಂದ ಕಾಳಗದ ಸಂಗೀತ ಕೇಳಿದರೆ ಅವನು ಯಂತ್ರದ ಸದ್ದನ್ನು ಅಡಗಿಸುತ್ತಿದ್ದ. ಗಿರಾಕಿಗೆ ಮಾತ್ರೆ ಕತ್ತರಿಸಿ ಕೊಡುವಾಗಲೂ ಅವನ ಕಣ್ಣಿಗೆ ಆ ಹುಲ್ಲು ಕಾಣುತ್ತಿತ್ತು. ಅದರೊಳಗೆ ಹೋಗುತ್ತಿದ್ದದ್ದು ಬಂಡೆಯಲ್ಲ, ದೊಡ್ಡ ಕಿವಿಗಳ ಕಡಲೆ.

ಇಲ್ಲಿ ಶಿಷ್ಯೆ ತಡೆದಳು. "ಅದು ಬರೀ ಚಿತ್ರವಲ್ಲವೇ, ಮಾತಾಜಿ?"

"ಚಿತ್ರವೆಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದರೂ ಭಯ ಬಿಡುವುದಿಲ್ಲ. ನಡುವೆ ಮಾತನಾಡಬೇಡ" ಎಂದರು ಮಾತಾಜಿ.

ಕೋಟೆಗೆ ಹೋಗುವುದನ್ನು ಅವನು ಮುಂದೂಡುತ್ತ ಬಂದ. ಬೀದಿಯ ಬೇರೆ ಅಂಗಡಿಯವರೆಲ್ಲ ಕೋಟೆಯನ್ನು ಗೆದ್ದರು, ಇಲ್ಲವೇ ಸೋತು ಹೊಸದಾಗಿ ಶುರುಮಾಡಿದರು. ಅವನೊಬ್ಬನೇ ಬಾಗಿಲಲ್ಲಿ ನಿಂತಿದ್ದ. ಜನ ನಗತೊಡಗಿದರು. ಅವನಿಗೆ ನಾಚಿಕೆಯಾಯಿತು. ಒಂದು ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಗಡಿಯಾರದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೋಟೆಯೊಳಗೆ ಹೊಕ್ಕ. ಕೋಟೆಗೆ ಹೋಗುವಾಗ ಯಾವ ಪ್ರಾಣಿಯನ್ನೂ ಹಿಂದೆ ಬಿಡುವಂತಿಲ್ಲ, ಅದೂ ಅವರ ನೇಮವೇ. ಒಳಗೆ ಹೊಕ್ಕ ಮೇಲೆ ಬಾಗಿಲು ಮುಚ್ಚುತ್ತದೆ. ಅವನು ಕಡಲೆಯನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿದ. ಅಲ್ಲಿಯವರೆಗೆ ಸರದಿ ಬರುವುದಿಲ್ಲವೆಂದು ತನಗೆ ತಾನೇ ಹೇಳಿಕೊಂಡ.

ಒಡೆಯನ ಪ್ರಾಣಿಗಳು ಒಂದೊಂದಾಗಿ ಬಿದ್ದವು. ಇವನವೂ ಬಿದ್ದವು. ಕೊನೆಗೆ ಕೆಂಡ ಉಳಿಯಿತು. ಒಡೆಯನ ಕಡೆ ಒಂದು ದೊಡ್ಡ ಸರ್ಪ ಉಳಿಯಿತು. ಕೆಂಡ ತನ್ನಲ್ಲಿದ್ದ ಬೆಂಕಿಯನ್ನೆಲ್ಲ ಉಗುಳಿತು. ಸರ್ಪದ ಜೀವ ಕೂದಲೆಳೆಯಷ್ಟು ಉಳಿಯಿತು. ಸರ್ಪ ಹೊಡೆಯಿತು. ಕೆಂಡ ಬಿದ್ದಿತು.

ಸಾಲಿನಲ್ಲಿ ಇನ್ನಾರೂ ಇರಲಿಲ್ಲ. ಯಂತ್ರ ತಾನಾಗಿಯೇ ಕಡಲೆಯನ್ನು ಅಂಗಳಕ್ಕೆ ಕಳಿಸಿತು.

ಅದು ಸರ್ಪದ ಮುಂದೆ ನಿಂತಿತು. ಅಂಗಳದಲ್ಲಿ ಅದು ಅಷ್ಟು ಹೊತ್ತು ನಿಂತದ್ದು ಅದೇ ಮೊದಲು.

ಗಡಿಯಾರದವನು ಎದ್ದುನಿಂತ. "ಗೆದ್ದೆ ಕಣಯ್ಯಾ! ಅದರಲ್ಲಿ ಉಸಿರೇ ಇಲ್ಲ. ಕಚ್ಚಿಸು. ಒಂದು ಸಲ ಕಚ್ಚಿಸು, ಸಾಕು!"

"ಕಚ್ಚಲು ಬರುವುದಿಲ್ಲ ಅದಕ್ಕೆ."

"ಬರುವುದಿಲ್ಲವೇ? ಇಷ್ಟು ಮಟ್ಟ ಏರಿದೆ, ಕಚ್ಚಲು ಬರುವುದಿಲ್ಲವೇ? ಮತ್ತೇನು ಬರುತ್ತದೆ?"

ಅಂಗಡಿಯವನು ಪರದೆಯನ್ನು ಅವನ ಕಡೆ ತಿರುಗಿಸಿ ತೋರಿಸಿದ. ಗಡಿಯಾರದವನು ನೋಡಿದ. ಮತ್ತೆ ಕುಳಿತುಕೊಂಡ.

ಕಡಲೆ ಮುದುಡಿಕೊಂಡಿತು. ಸರ್ಪದ ಏಟು ಅದರ ಬೆನ್ನಿನ ಮೇಲೆ ಜಾರಿಹೋಯಿತು. ಅದು ಮಣ್ಣಿನಲ್ಲಿ ಅಡಗಿತು. ಏಟು ತಪ್ಪಿತು. ಅದು ಕಿವಿ ಮುಚ್ಚಿಕೊಂಡಿತು.  ಅದು ಮತ್ತೆ ಮುದುಡಿಕೊಂಡಿತು, ಮತ್ತೆ ಅಡಗಿತು. ಕೂದಲೆಳೆಯಷ್ಟು ಜೀವವಿದ್ದ ಶತ್ರು ಅದರ ಮುಂದೆಯೇ ನಿಂತಿತ್ತು. ಅದನ್ನು ಮುಟ್ಟುವುದನ್ನು ಕಡಲೆಗೆ ಯಾರೂ ಕಲಿಸಿರಲಿಲ್ಲ. ಹಾಗೆಯೇ ಒಂದೊಂದಾಗಿ ಪಟ್ಟುಗಳ ಕಸುವು ಮುಗಿಯಿತು. ಅಳುವುದೊಂದು ಉಳಿಯಿತು.

ಕಡಲೆ ಅತ್ತಿತು.

ಸರ್ಪ ಹೊಡೆಯಿತು.

ಕೋಟೆಯ ಬಾಗಿಲು ತೆರೆಯಿತು. ನೇಮದ ಕೊನೆಯ ಭಾಗ ಉಳಿದಿತ್ತು. ಅವನು ಬಿದ್ದವನ್ನೆಲ್ಲ ಒಂದೊಂದಾಗಿ ಕಾಡಿಗೆ ಬಿಟ್ಟ. ಕೆಂಡ ಅವನ ಕಡೆ ನೋಡಿ, ಬೆನ್ನು ತಿರುಗಿಸಿ ಹುಲ್ಲಿನೊಳಗೆ ಹೋಯಿತು. ಆಮೇಲೆ ಕಡಲೆಯ ಸರದಿ. ಕಡಲೆಯನ್ನು ಬಿಟ್ಟುಬಿಡಲೇ ಎಂದು ಯಂತ್ರ ಕೇಳಿತು. ಹೌದೆನ್ನಲು ಅವನಿಂದ ಆಗಲಿಲ್ಲ. ಇಲ್ಲವೆನ್ನಲು ನೇಮ ಬಿಡಲಿಲ್ಲ.

ಅವನು ಯಂತ್ರಕ್ಕೆ ಚಾರ್ಜರ್ ಸಿಕ್ಕಿಸಿ ಗಲ್ಲಾಪೆಟ್ಟಿಗೆಯ ಡ್ರಾಯರಿನಲ್ಲಿ ಇಟ್ಟ. ಇಂದಿಗೂ ಅದು ಅಲ್ಲೇ ಇದೆ. ಆರಿಸಿಲ್ಲ. ಮಾತ್ರೆಯ ಹಾಳೆಯನ್ನು ಕತ್ತರಿಸಲು ಅವನು ಕತ್ತರಿಗಾಗಿ ಡ್ರಾಯರನ್ನು ಎಳೆಯುತ್ತಾನೆ. ಪರದೆಯ ಬೆಳಕು ಅವನ ಮುಖದ ಮೇಲೆ ಬೀಳುತ್ತದೆ. ಆ ಪ್ರಶ್ನೆ ಅಲ್ಲಿ ಹಾಗೆಯೇ ಇದೆ. ಪ್ರಶ್ನೆಯ ಕೆಳಗೆ ಕಡಲೆ ಇದೆ, ಬದುಕಿಯೂ ಇಲ್ಲ, ಹೋಗಿಯೂ ಇಲ್ಲ. ಅವನು ಕತ್ತರಿಯನ್ನು ತೆಗೆದುಕೊಂಡು ಡ್ರಾಯರನ್ನು ಬೇಗ ಮುಚ್ಚುತ್ತಾನೆ.

ಮಾತಾಜಿ ಕತೆಯನ್ನು ನಿಲ್ಲಿಸಿದರು. ಹೊರಗೆ ಊಟದ ಗಂಟೆ ಹೊಡೆಯಿತು.

ಶಿಷ್ಯೆ ಕಣ್ಣೊರೆಸಿಕೊಂಡಳು. "ಪಾಪ! ಅವನಿಗೆ ಅದರ ಮೇಲೆ ಎಷ್ಟೊಂದು ಪ್ರೀತಿ. ಅಷ್ಟು ದುರ್ಬಲವಾದ ಜೀವಿಗೆ ಅವನು ಇನ್ನೇನು ತಾನೇ ಮಾಡಬಹುದಿತ್ತು, ಮಾತಾಜಿ?"

ಶಿಷ್ಯೆ ತನ್ನ ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡದ್ದು ಮಾತಾಜಿ ಕೊಟ್ಟ ಈ ಒಂದೇ ಉತ್ತರಕ್ಕೆ:

"ಕಾತ್ಯಾಯಿನಿಯ ಕೈ ನಡುಗಿತು ಎಂದೆಯಲ್ಲ, ಆಗ ನಿನ್ನ ಹೆಬ್ಬೆರಳು ಎಲ್ಲಿತ್ತು?"