ಒರತೆಯ ಅಳತೆಗಂಬ

ಕಲ್ಲಿದ್ದಲು ಗಣಿಯ ಕೆಳಗಿನ ಒರತೆಯಲ್ಲಿ ಒಂದು ಅಳತೆಗಂಬವನ್ನು ನೆಟ್ಟಿದ್ದರು. ನೀರು ಎಷ್ಟು ಗೆರೆ ಏರಿತು, ಎಷ್ಟು ಇಳಿಯಿತು ಎಂದು ತೋರಿಸುವುದಷ್ಟೇ ಅದರ ಕೆಲಸ. ಆ ಬೇಸಿಗೆಯಲ್ಲಿ ಒರತೆ ಬತ್ತಿತು. ತಾಯಿ ಏಡಿಯೊಂದು ಮರಿಗಳನ್ನು ಹೊಟ್ಟೆಯಡಿ ಅವುಚಿಕೊಂಡು ದಡದ ಬಿಲದಲ್ಲಿ ಕಾಯುತ್ತಿತ್ತು. ಅವುಗಳನ್ನು ನೀರಿಗೆ ಬಿಡುವ ಹೊತ್ತು ಮೀರುತ್ತಿತ್ತು.

ಒಂದು ಬೆಳಿಗ್ಗೆ ಗಣಿಯವರು ಒಳಗೆ ನಿಂತ ನೀರನ್ನು ಪಂಪಿನಿಂದ ಎತ್ತಿ ಒರತೆಗೆ ಹರಿಸಿದರು.

"ಏಡಿಯಕ್ಕ, ಹೊರಗೆ ಬಾ! ನೀರು ಐದು ಗೆರೆ ಏರಿದೆ," ಎಂದು ಕಂಬ ಕೂಗಿತು.

ಏಡಿ ಒಂದು ಕಾಲನ್ನು ಅದ್ದಿ ಥಟ್ಟನೆ ಹಿಂದಕ್ಕೆಳೆದುಕೊಂಡಿತು. "ಉರಿಯುತ್ತದಲ್ಲ ಅಣ್ಣ? ಬಣ್ಣವೂ ತುಕ್ಕಿನ ಹಾಗಿದೆ."

"ಉರಿಗೂ ಬಣ್ಣಕ್ಕೂ ನನ್ನ ಮೈಮೇಲೆ ಗೆರೆಯಿಲ್ಲ. ಇಂಥ ಬೇಸಿಗೆಯಲ್ಲಿ ಇಷ್ಟು ನೀರು ಬಂದರೂ ಕೊಂಕು ತೆಗೆಯುತ್ತೀಯಲ್ಲ! ನಾನು ಎಂದಾದರೂ ಸುಳ್ಳು ಹೇಳಿದ್ದೇನೆಯೇ?"

ಅದು ಎಂದೂ ಸುಳ್ಳು ಹೇಳಿರಲಿಲ್ಲ. ಬಿಲದೊಳಗಿನ ಕೆಸರೂ ಒಣಗಿ ಬಿರಿಯತೊಡಗಿತ್ತು. ಏಡಿ ನೀರಿಗಿಳಿದು, ಹೊಟ್ಟೆಯ ಮಡಿಕೆಯನ್ನು ತೆರೆದು, ಮರಿಗಳನ್ನೆಲ್ಲ ಬಿಟ್ಟುಬಿಟ್ಟಿತು.

ಸ್ವಲ್ಪ ಹೊತ್ತಾದ ಮೇಲೆ ಕಂಬ ಹಿಗ್ಗಿನಿಂದ ಹೇಳಿತು: "ನೋಡಕ್ಕ, ನಿನ್ನ ಮರಿಗಳು ಎಷ್ಟು ಚೆನ್ನಾಗಿ ತೇಲುತ್ತಿವೆ! ಒಂದಾದರೂ ಮುಳುಗಿತೇ?"

ಏಡಿ ಕಣ್ಣೆತ್ತಿ ನೋಡಿತು.

"ನಾವು ತಳದಲ್ಲಿ ನಡೆಯುವವರು, ಅಣ್ಣ," ಎಂದಿತು. "ಬದುಕಿರುವ ಏಡಿ ತೇಲುವುದಿಲ್ಲ."