ಹನ್ನೆರಡು ಗಂಟೆಯ ಬಿಡುವು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ವಿದ್ಯಾರ್ಥಿನಿಲಯದ ಹೊಣೆಯನ್ನು ನನಗೂ ಚನ್ನವೀರನಿಗೂ ಒಟ್ಟಿಗೆ ವಹಿಸಿದ್ದೀರಿ. ನಿನ್ನೆ ಊರಿನ ಹಿರಿಯರು ಅವನೊಬ್ಬನನ್ನೇ ಕರೆಸಿಕೊಂಡು ಮಾತಾಡಿದರು. ಅವನು ಬಂದು ಏನೂ ಹೇಳಲಿಲ್ಲ. ನಾನು ಅವನನ್ನು ನಂಬಿದ್ದೇನೆ. ನಂಬಿದವನನ್ನು, ಏನು ಮಾತಾಡಿ ಬಂದೆ ಎಂದು ಕೇಳುವುದು ತಪ್ಪಲ್ಲವೇ?"

ಗುರುಗಳು ಒಂದು ಕತೆ ಹೇಳಿದರು.

ಒಂದು ವಿಮಾನ ಕಂಪನಿ ಇತ್ತು. ಅಲ್ಲಿ ಪೈಲಟ್‌ಗಳಿಗೆ ಒಂದು ಹಾರಾಟಕ್ಕೂ ಇನ್ನೊಂದಕ್ಕೂ ನಡುವೆ ಹತ್ತು ಗಂಟೆ ಬಿಡುವು. ಮನೆಗೆ ಹೋಗಿ ಬರುವುದರಲ್ಲೇ ಮೂರು ಗಂಟೆ ಕಳೆಯುತ್ತಿತ್ತು. ಕಣ್ಣು ಎಳೆಯುತ್ತಿದ್ದರೂ ವಿಮಾನ ಏರುತ್ತಿದ್ದರು. ಹನ್ನೆರಡು ಗಂಟೆ ಕೊಡಿ ಎಂದು ಅವರ ಸಂಘ ಕೇಳಿತು. ಮಾತುಕತೆಗೆ ಇಬ್ಬರನ್ನು ಆರಿಸಿತು. ಕ್ಯಾಪ್ಟನ್‌ಗಳ ಪರವಾಗಿ ಒಬ್ಬ ಹಿರಿಯ, ಸಹಪೈಲಟ್‌ಗಳ ಪರವಾಗಿ ಒಬ್ಬ ಕಿರಿಯ. ಆರು ವರ್ಷ ಜೊತೆಯಲ್ಲಿ ಹಾರಿದವರು.

ವಿಮಾನದಲ್ಲಿ ಒಬ್ಬ ಮಾಡಿದ್ದನ್ನು ಇನ್ನೊಬ್ಬ ಬಾಯಿಬಿಟ್ಟು ಕೇಳಬೇಕು ಎಂಬುದು ನಿಯಮ. ಚಕ್ರ ಇಳಿದಿದೆಯೇ ಎಂದು ಒಬ್ಬ ಕೇಳುತ್ತಿದ್ದ. ಇಳಿದಿದೆ ಎಂದು ಇನ್ನೊಬ್ಬ ಹೇಳುತ್ತಿದ್ದ. ಹೇಳಿದ ಮೇಲೂ ಕೇಳಿದವನು, ಚಕ್ರ ಇಳಿದರೆ ಹತ್ತುವ ದೀಪವನ್ನು ನೋಡಿಯೇ ನೋಡುತ್ತಿದ್ದ. ಆರು ವರ್ಷದಲ್ಲಿ ಇದರಿಂದ ಒಮ್ಮೆಯೂ ಬೇಸರ ಬಂದಿರಲಿಲ್ಲ.

ಮಾತುಕತೆಯ ನಾಲ್ಕನೆಯ ದಿನ ಕಂಪನಿಯ ಮ್ಯಾನೇಜರ್ ಹಿರಿಯನನ್ನು ಮಾತ್ರ ಚಹಾಕ್ಕೆ ಕರೆದ. ಅರ್ಧ ಗಂಟೆ ಕಳೆದು ಹಿರಿಯ ಹೊರಗೆ ಬಂದ. ದೊಡ್ಡವರು, ಕೇಳಿದರೆ ಸಂಶಯಪಟ್ಟ ಹಾಗಾಗುತ್ತದೆ ಎಂದು ಕಿರಿಯ ಸುಮ್ಮನಿದ್ದ. ಇವನು ಕೇಳುತ್ತಿಲ್ಲ, ಆಗಲೇ ಏನೋ ತಪ್ಪು ತಿಳಿದುಕೊಂಡುಬಿಟ್ಟಿದ್ದಾನೆ ಎಂದು ಹಿರಿಯನೂ ಸುಮ್ಮನಾದ. ಮರುದಿನ ಮ್ಯಾನೇಜರ್ ಕಿರಿಯನನ್ನು ಕರೆದ. ಹಿರಿಯ ಕೇಳಲಿಲ್ಲ. ಕಿರಿಯ ಹೇಳಲಿಲ್ಲ.

ಪೈಲಟ್‌ಗಳ ಕೋಣೆಯಲ್ಲಿ ಒಬ್ಬ ಕಿರಿಯನನ್ನು ಕೆಣಕಿದ: "ಏನಪ್ಪಾ, ನಿಮ್ಮ ಕ್ಯಾಪ್ಟನ್ ಸಾಹೇಬರು ಮೊನ್ನೆ ಒಳಗೆ ಏನು ಮಾಡಿದರಂತೆ?"

"ಚಹಾ ಕುಡಿದರು."

"ಅರ್ಧ ಗಂಟೆಯೇ? ತೋಟದಿಂದ ಎಲೆ ಕೊಯ್ದು ತರಿಸಿದರೇನೋ."

ಎಲ್ಲರೂ ನಕ್ಕರು. ಕಿರಿಯ ನಗಲಿಲ್ಲ. ಅಂದಿನಿಂದ ಅವನು ತನ್ನವರ ಸಭೆಯನ್ನು ಬೇರೆಯಾಗಿ ಕರೆಯತೊಡಗಿದ. ಹಿರಿಯನೂ ಹಾಗೆಯೇ ಮಾಡಿದ.

ಕೊನೆಯ ದಿನ ಕಂಪನಿ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಒಂದೊಂದು ಕಾಗದ ಕೊಟ್ಟಿತು. ಎರಡರಲ್ಲೂ ಹತ್ತೂವರೆ ಗಂಟೆ ಎಂದಿತ್ತು. ಆ ಕೋಣೆಯವನು ಆಗಲೇ ಒಪ್ಪಿಕೊಂಡಿರಬೇಕು, ತಡಮಾಡಿದರೆ ನಮ್ಮವರಿಗೆ ಇದೂ ಸಿಗುವುದಿಲ್ಲ ಎಂದು ಹಿರಿಯ ಸಹಿ ಹಾಕಿದ. ಅದನ್ನೇ ಯೋಚಿಸಿ ಕಿರಿಯನೂ ಹಾಕಿದ.

ಮುಂದಿನ ವಾರ ಇಬ್ಬರಿಗೂ ಒಂದೇ ವಿಮಾನ ಬಂತು. ಪ್ರಯಾಣಿಕರೆಲ್ಲ ಇಳಿದ ಮೇಲೆ ಕಿರಿಯ ಕೇಳಿದ: "ಸರ್, ಅವತ್ತು ಮ್ಯಾನೇಜರ್ ನಿಮ್ಮ ಹತ್ತಿರ ಏನು ಮಾತಾಡಿದರು?"

"ಮಂಡಿನೋವಿಗೆ ಯಾವ ಡಾಕ್ಟರ್ ಹತ್ತಿರ ಹೋಗುತ್ತೀರಿ ಅಂತ ಕೇಳಿದರು. ನಿನ್ನ ಹತ್ತಿರ?"

"ಮಗಳ ಶಾಲೆಯ ವಿಷಯ."

ಇಬ್ಬರೂ ಚೀಲ ಎತ್ತಿಕೊಂಡು ಇಳಿದರು. ಮತ್ತೆ ಹಾರಲು ಹತ್ತೂವರೆ ಗಂಟೆ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೇಳಿದ: "ಆ ಮ್ಯಾನೇಜರ್ ಬಹಳ ಜಾಣ. ಇಬ್ಬರನ್ನೂ ಒಡೆದುಬಿಟ್ಟ."

ಗುರುಗಳು ಕೇಳಿದರು: "ಚನ್ನವೀರ ಪಕ್ಕದ ಕೋಣೆಯಲ್ಲೇ ಇರುವಾಗ ನೀನು ನನ್ನ ಬಳಿಗೆ ಏಕೆ ಬಂದೆ?"