ಪಕ್ಕಕ್ಕೆ ಹೋದದ್ದಕ್ಕೂ ಒಂದು

ನಾನು ವಯಸ್ಸಿನಲ್ಲಿದ್ದಾಗ ಒಂದು ಸಲ ಬ್ಯಾಸ್ಕೆಟ್‌ಬಾಲ್ ಹಿಡಿದು ಎಗರಿದೆ. ಚೆಂಡು ಬುಟ್ಟಿಗೆ ಹಾಕಿ ನೆಲಕ್ಕೆ ಇಳಿಯುವಷ್ಟರಲ್ಲಿ ಆಟ ಮುಗಿದಿತ್ತು. ರೆಫರಿ ಮನೆಗೆ ಹೋಗಿ ಕೈ ತೊಳೆದು ಮುದ್ದೆ ಮುಂದೆ ಕೂತಿದ್ದ.

ನೋಡಿದವರು ಊರು ತುಂಬ ಇದ್ದರು. ಈಗ ಒಬ್ಬರೂ ಇಲ್ಲ. ಅದಕ್ಕೆ ನಾನು ಹೊಣೆಯಲ್ಲ.

ಇಂಥ ನನ್ನ ಹತ್ತಿರ ಕಲಿತವಳು ದಾಕ್ಷಾಯಿಣಿ. ಹೊಳೆದಂಡೆಯ ನಮ್ಮ ಗರಡಿಗೆ ಬಂದಾಗ ಇನ್ನೂ ಲಂಗ ತೊಡುವ ಹುಡುಗಿ. ಕುಸ್ತಿ ಕಲಿಸಿ ಅಂದಳು. ಹೆಣ್ಣುಮಗಳು ಗರಡಿಗಾ ಅಂತ ಊರು ಗೊಣಗಿತು. ನನ್ನ ಮೀಸೆ ನೋಡಿ ಸುಮ್ಮನಾಯಿತು.

ನಾನು ಕತ್ತೆತ್ತಿ ಅವಳ ಮುಖ ನೋಡಿದೆ. ಆ ವಯಸ್ಸಿಗೇ ಅಷ್ಟು ಉದ್ದ. ಗರಡಿ ಹಿಂದಿನ ಹೊಂಗೆ ಮರಕ್ಕೆ ಪೀಪಾಯಿಯ ಕಬ್ಬಿಣದ ಬಳೆ ಬಡಿದೆ. ಕುಸ್ತಿಯ ಜೊತೆಗೆ ಬ್ಯಾಸ್ಕೆಟ್‌ಬಾಲನ್ನೂ ಕೈಗೆ ಕೊಟ್ಟೆ.

ಮೊದಲ ದಿನವೇ ಚೆಂಡು ಅವಳ ಕಾಲಿಗೆ ತಾಗಿತು.

“ಮುಟ್ಟಿ ಕಣ್ಣಿಗೊತ್ಕೋ,” ಅಂದೆ.

“ಯಾಕೆ ವಸ್ತಾದ್ರೇ?”

“ಅನ್ನ ಕೊಡೋ ವಸ್ತು. ಕಾಲು ತಾಗಬಾರದು.”

ಅಂದಿನಿಂದ ಅಪ್ಪಿತಪ್ಪಿ ತಾಗಿದರೂ, ಸಾವಿರ ಜನ ನೋಡುತ್ತಿದ್ದರೂ, ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಮುಂದಿನ ಆಟ.

ಊರಿಗೆ ಆಡಿದಳು. ರಾಜ್ಯಕ್ಕೆ ಆಡಿದಳು. ದೇಶಕ್ಕೆ ಆಡಿದಳು. ಕಡೆಗೆ ಆಸ್ಟ್ರೇಲಿಯಾದ ಒಂದು ಕ್ಲಬ್ಬಿನವರು ಸಂಬಳ ಕೊಟ್ಟು ಕರೆಸಿಕೊಂಡರು. ಹೋದದ್ದು ಅವಳಾದರೂ ಅಲ್ಲಿ ಆಡಿದ್ದು ನನ್ನ ವಿದ್ಯೆ. ಇದನ್ನು ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ.

ಮೂವತ್ತು ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ಬಂದು ಗರಡಿ ಕಟ್ಟೆ ಮೇಲೆ ಕೂತಳು. ಮುಖ ಸಣ್ಣಗಾಗಿತ್ತು.

“ಏನವ್ವ?”

“ಕ್ಲಬ್ಬಿನೋರು ಸಾಕು ಅಂದ್ರು ವಸ್ತಾದ್ರೇ. ಚಿಕ್ಕ ಹುಡುಗೀರು ಬಂದವ್ರೆ.”

“ಅವರಿಗೆ ಕಣ್ಣಿಲ್ಲ.”

“ಕಣ್ಣೈತೆ. ಅದಕ್ಕೇ ಸಾಕು ಅಂದ್ರು.”

ಚೀಲದಿಂದ ಒಂದು ಚೆಂಡು ತೆಗೆದಳು. ಉದ್ದಕ್ಕಿತ್ತು, ಎರಡು ತುದಿಯೂ ಚೂಪು, ಸುಲಿಯದ ತೆಂಗಿನಕಾಯಿಯ ಹಾಗೆ.

“ಇದರ ಮೇಲೆ ಯಾರು ಕೂತಿದ್ರು?” ಅಂದೆ.

ಅವಳು ನಗಲಿಲ್ಲ. “ಇದರ ಆಟವೇ ಬೇರೆ. ಅಲ್ಲಿಯೋರ ಫುಟ್‌ಬಾಲ್. ಕೆರೆಯಂಗಳದಷ್ಟು ಮೈದಾನ. ಆಟ ಶುರುವಾಗೋವಾಗ ಚೆಂಡು ಮೇಲಕ್ಕೆ ಹಾರಿಸ್ತಾರೆ. ಎಗರಿ ತಟ್ಟೋಕೆ ನನ್ನಂಥ ಉದ್ದದೋರು ಬೇಕು. ಒಂದು ತಂಡದೋರು ಬಂದು ಆಡಿ ತೋರಿಸು ಅಂದ್ರು.”

“ಹೋಗು ಮತ್ತೆ.”

“ಹೋಗಿದ್ದೆ. ಎಗರಿದ್ದು ಸರಿಯಾಯ್ತು. ಆಮೇಲೆ ಒದಿ ಅಂದ್ರು.”

“ಒದ್ದೆಯಾ?”

“ಕಾಲು ಹೆದರಿಕೊಂಡೇ ಹೋಯ್ತು. ಚೆಂಡು ಅಲ್ಲೇ ಉರುಳಿತು. ನಾನು ಓಡಿಹೋಗಿ ಮುಟ್ಟಿ ಕಣ್ಣಿಗೊತ್ಕೊಂಡೆ. ಎಲ್ರೂ ನಿಂತು ನೋಡಿದ್ರು.”

“ನಕ್ರಾ?”

“ನಕ್ಕಿದ್ರೆ ವಾಸಿ ಇತ್ತು. ಮುಂದಿನ ತಿಂಗಳು ಇನ್ನೊಂದು ಸಲ ಬಾ ಅಂದವ್ರೆ. ಆಗಲೂ ಒದೆಯೋಕೆ ಆಗದಿದ್ರೆ ನನ್ನ ಆಟ ಅಲ್ಲಿಗೆ ಮುಗೀತು.”

ನಾನು ಸುಮ್ಮನಿದ್ದೆ. ನಾನು ಸುಮ್ಮನಿರುವುದು ಎಷ್ಟು ಅಪರೂಪವೆಂದರೆ, ಏನಾಯಿತೋ ಅಂತ ಹೊಳೆಯ ಮೀನುಗಳು ತಲೆ ಎತ್ತಿ ನೋಡಿದವು.

“ಕಾಲು ತಾಗಬಾರದು ಅಂದೋರು ನೀವೇ,” ಅಂದಳು. “ಅದು ಸುಳ್ಳಾ?”

“ಒಳಗೆ ಬಾ.”

ಗರಡಿಯ ಒಳಗೆ, ಕುಸ್ತಿ ಆಡುವ ಕೆಮ್ಮಣ್ಣಿನ ಅಂಚಿಗೆ ಕರೆದುಕೊಂಡು ಹೋದೆ.

“ಇಳಿ.”

ಬಗ್ಗಿ ಮಣ್ಣು ಮುಟ್ಟಿದಳು. ಕಣ್ಣಿಗೆ ಒತ್ತಿಕೊಂಡಳು. ಇಳಿದಳು.

“ಮಣ್ಣು ನಿನಗೆ ಏನಾಗಬೇಕು?”

“ತಾಯಿ.”

“ತಾಯಿ ಮೇಲೆ ಏನಿಟ್ಟಿದ್ದೀಯ?”

ಅವಳು ಕೆಳಗೆ ನೋಡಿದಳು. ಎರಡು ಪಾದವೂ ಕೆಮ್ಮಣ್ಣಿನಲ್ಲಿ ಹೂತಿದ್ದವು.

“ಕಾಲು ತಾಗಿದ ಮೇಲೆ ಕಣ್ಣಿಗೊತ್ಕೊಂಡ್ರೆ ತಪ್ಪಾಯ್ತು ಅಂತ,” ಅಂದೆ. “ಮೊದಲೇ ಒತ್ಕೊಂಡ್ರೆ ಅಪ್ಪಣೆ ಕೊಡು ಅಂತ.”

ಅವಳು ಮಣ್ಣಿನಿಂದ ಮೇಲೆ ಬಂದು ಚೆಂಡು ಎತ್ತಿಕೊಂಡಳು.

ಆಮೇಲೆ ದಂಡೆಗೆ ಬಂದೆವು. ಅಲ್ಲಿ ನಾಲ್ಕು ತೆಂಗಿನ ಮರ ಸಾಲಾಗಿವೆ.

“ಅಲ್ಲೂ ಹಿಂಗೇ ನಾಲ್ಕು ಕಂಬ,” ಅಂದಳು. “ನಡುವಿನ ಎರಡರ ಮಧ್ಯೆ ಒದ್ರೆ ಗೋಲು. ಆರು ಕೊಡ್ತಾರೆ. ತಪ್ಪಿ ಅದರ ಪಕ್ಕದ ಸಂದಿಯಲ್ಲಿ ಹೋದ್ರೆ ಒಂದು.”

“ತಪ್ಪಿದ್ರೂ ಒಂದಾ?”

“ಹೂಂ. ಬಿಹೈಂಡ್ ಅಂತಾರೆ.”

“ಹಂಗಂದ್ರೆ?”

“ಹಿಂದೆ ಅಂತ.”

“ಮುಂದೆ ಗುರಿ, ಹಿಂದೆ ಗುರು. ಆ ಆಟ ಕಟ್ಟಿದೋನು ನಮ್ಮ ಹೊಳೆ ನೀರು ಕುಡಿದೋನೇ ಕಣವ್ವ. ಆರು ನಿಂದು, ಒಂದು ನಂದು.”

ಆ ದಿನ ಮೊದಲ ಸಲ ನಕ್ಕಳು.

“ಕೊಡು ಇಲ್ಲಿ,” ಅಂದು ಚೆಂಡು ತೆಗೆದುಕೊಂಡೆ. ಪಂಚೆ ಎತ್ತಿ ಕಟ್ಟಿದೆ. ಚೆಂಡು ಕಣ್ಣಿಗೆ ಒತ್ತಿಕೊಂಡೆ. ಜನ್ಮದಲ್ಲಿ ಗುರಿ ತಪ್ಪಿದವನಲ್ಲ ನಾನು. ಒದ್ದೆ.

ಚೆಂಡು ನಡುವಿನ ಮರಗಳನ್ನು ಬಿಟ್ಟು, ಪಕ್ಕದ ಸಂದಿಯಲ್ಲಿ ಹಾದು, ಹೊಳೆಗೆ ಬಿತ್ತು.

“ತಪ್ಪಿತು ವಸ್ತಾದ್ರೇ.”

“ಸ್ವಲ್ಪ ಪಕ್ಕಕ್ಕೆ ಹೋಯ್ತು. ಒಂದು ಬರ್ಕೋ.”

ಅವಳು ಮರಳಿನ ಮೇಲೆ ಬೆರಳಿನಿಂದ ಒಂದು ಗೀಟು ಎಳೆದಳು. ಹೊಳೆಗಿಳಿದು ಚೆಂಡು ತಂದಳು. ಕಣ್ಣಿಗೆ ಒತ್ತಿಕೊಂಡಳು. ಒಂದು ಗಳಿಗೆ ಹಾಗೇ ಇಟ್ಟುಕೊಂಡಳು.

ಒದ್ದಳು.

ಆ ಸದ್ದಿಗೆ ಆಚೆ ದಡದಲ್ಲಿ ಮಲಗಿದ್ದ ಎಮ್ಮೆ ಎದ್ದು ನಿಂತು, ತಾನೇ ನಡೆದು ಮನೆಗೆ ಹೋಯಿತು. ಆ ಎಮ್ಮೆಯೂ ಈಗಿಲ್ಲ.

ದಿನಾ ಬೆಳಗ್ಗೆ ಬಂದಳು. ಒಂದು ದಿನ ಮತ್ತೆ ಮುಖ ಸಣ್ಣಗಾಗಿತ್ತು.

“ಓಡೋವಾಗ ಚೆಂಡು ನೆಲಕ್ಕೆ ಪುಟಿಸಬೇಕು ವಸ್ತಾದ್ರೇ. ಇದು ಎತ್ತ ನೆಗೆಯುತ್ತೋ ಗೊತ್ತೇ ಆಗಲ್ಲ. ಗುಂಡಗಿನ ಚೆಂಡು ಹಂಗಲ್ಲ, ಕೈಗೇ ಬರ್ತಿತ್ತು.”

“ಹೇಳಿದ ಮಾತು ಕೇಳೋ ಚೆಂಡಿನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೀಯ. ನಾನು ನಮ್ಮ ಮನೆಯವಳ ಜೊತೆ ಮಾಡಿದ್ದು ನೋಡು.”

“ತಮಾಷೆ ಬೇಡಿ.”

“ಎತ್ತ ಬರುತ್ತೋ ಗೊತ್ತಾಗದಿದ್ರೆ ಏನ್ ಮಾಡ್ತೀಯ?”

ಯೋಚಿಸಿದಳು. “ಎರಡೂ ಕೈ ತೆರೆದಿಟ್ಕೋತೀನಿ.”

“ಅಷ್ಟೇ ವಿದ್ಯೆ. ಹೋಗು, ಓಡು.”

ತಿಂಗಳಾಯಿತು. ಹೋದಳು. ತೆಗೆದುಕೊಂಡರು ಅಂತ ಸುದ್ದಿ ಬಂತು. ನಾನು ಗರಡಿಯಲ್ಲಿ ಬೆಲ್ಲ ಹಂಚಿದೆ. ಊರಿನವರು ಅದನ್ನು ಒಂದು ಚೂರು ಅನ್ನುತ್ತಾರೆ. ನನ್ನ ನೆನಪಿನಲ್ಲಿ ಅದು ಒಂದು ಗಾಡಿ.

ಮೊನ್ನೆ ಬೆಳಗ್ಗೆ ಕಟ್ಟೆ ಮೇಲೆ ಕೂತು ಗರಡಿಯ ಹುಡುಗರಿಗೆ ಅವಳ ಮೊದಲ ಪಂದ್ಯದ ಕಥೆ ಹೇಳುತ್ತಿದ್ದೆ.

“ಕಡೇ ಗಳಿಗೆ ಕಣ್ರಪ್ಪ. ಎರಡೂ ಕಡೆ ಸಮ. ಚೆಂಡು ನಮ್ಮ ದಾಕ್ಷಾಯಿಣಿ ಕೈಗೆ ಬಂತು. ಕಣ್ಣಿಗೊತ್ಕೊಂಡಳು. ಮೈದಾನವೆಲ್ಲ ಉಸಿರು ಬಿಗಿಹಿಡಿದಿತ್ತು. ಒದ್ದಳು. ಪಕ್ಕಕ್ಕೆ ಹೋಯ್ತು. ಒಂದು ಕೊಟ್ರು. ನನ್ನ ಪಾಲಿನ ಆ ಒಂದರಲ್ಲೇ ಗೆದ್ದುಬಿಟ್ರು.”

ಹುಡುಗರು ಬಾಯಿ ತೆರೆದು ಕೂತಿದ್ದರು. ನನ್ನ ಹಿಂದೆ ಯಾರೋ ಕೆಮ್ಮಿದರು.

ತಿರುಗಿದೆ. ದಾಕ್ಷಾಯಿಣಿ. ರಜೆಗೆ ಬಂದವಳು ಯಾವಾಗ ಬಂದು ಕೂತಿದ್ದಳೋ.

“ಕಣ್ಣಿಗೊತ್ಕೊಂಡಿದ್ದು ನಿಜ,” ಅಂದಳು. “ಪಕ್ಕಕ್ಕೆ ಹೋಗಿದ್ದು ನಿಜ. ಒಂದು ಕೊಟ್ಟಿದ್ದೂ ನಿಜ. ಆದ್ರೆ ಆ ಪಂದ್ಯ ಸೋತ್ವಿ ವಸ್ತಾದ್ರೇ. ಹೀನಾಯವಾಗಿ ಸೋತ್ವಿ.”

ಹುಡುಗರು ನನ್ನ ಮುಖ ನೋಡಿದರು.

“ಮುಂದಿನ ವರ್ಷ?” ಅಂತ ಅವಳನ್ನು ಕೇಳಿದೆ.

“ಉಳಿಸಿಕೊಂಡವ್ರೆ. ಈಗ ನಮ್ಮ ತಂಡದ ಇಬ್ಬರು ಚಿಕ್ಕ ಹುಡುಗೀರೂ ಒದೆಯೋಕೆ ಮುಂಚೆ ಕಣ್ಣಿಗೊತ್ಕೋತಾರೆ. ಯಾಕೆ ಅಂತ ಅವರು ಕೇಳಿಲ್ಲ.” ಕಟ್ಟೆಯಿಂದ ಇಳಿದು ನನ್ನ ಎದುರಿಗೆ ನಿಂತಳು. “ಮಾತು ಮರೆಸಬೇಡಿ. ಸೋತಿದ್ದನ್ನ ಗೆದ್ರು ಅಂದ್ರಲ್ಲ?”

ನಾನು ಹೆಗಲು ಕುಣಿಸಿದೆ.

“ಸ್ವಲ್ಪ ಪಕ್ಕಕ್ಕೆ ಹೋಯ್ತು ಕಣವ್ವ. ಒಂದು ಬರ್ಕೋ.”